ಅಡ್ವೆಂಚರ್ ಬೈಕ್ ಕೊಳ್ಳುವ ಮುನ್ನ: ಸ್ಪೆಕ್ ಶೀಟನ್ನು ಕೆಳಗಿನಿಂದ ಮೇಲಕ್ಕೆ ಓದಿ

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಅಡ್ವೆಂಚರ್ ಬೈಕ್ ತಗೋಬೇಕು ಅಂತಿದೀನಿ. ಹಿಮಾಲಯನ್ ತಗೊಳ್ಳಲಾ, ಎಕ್ಸ್‌ಪಲ್ಸ್ ಸಾಕಾ, ಇಲ್ಲ ಕೆಟಿಎಂ 390ಗೆ ಹೋಗಲಾ?" (ಹಿಮಾಲಯನ್ ರಾಯಲ್ ಎನ್‌ಫೀಲ್ಡ್‌ನ ಬೈಕು, ಎಕ್ಸ್‌ಪಲ್ಸ್ ಹೀರೋ ಕಂಪನಿಯದು.) ಜೊತೆಗೆ ಎರಡು ಅಂಕಿ ಕಳಿಸಿರುತ್ತಾರೆ: ಎಷ್ಟು ಸಿಸಿ, ಎಷ್ಟು ಪವರ್. ಆ ಎರಡನ್ನು ನೋಡಿ ಉತ್ತರ ಹೇಳಲು ಬರುವುದಿಲ್ಲ. ನಿಮ್ಮ ಎತ್ತರ ಎಷ್ಟು, ಹಿಂದೆ ಯಾರು ಕೂರುತ್ತಾರೆ, ತಿಂಗಳಲ್ಲಿ ಎಷ್ಟು ದಿನ ಮಣ್ಣಿನ ದಾರಿ, ಎಷ್ಟು ದಿನ ಹೆದ್ದಾರಿ ಎಂದು ಗೊತ್ತಾಗಬೇಕು.

ಬ್ರೋಷರ್‌ನ ಕೊನೆಯಲ್ಲಿರುವ ಅಂಕಿಗಳ ಪಟ್ಟಿಯನ್ನು ಸ್ಪೆಕ್ ಶೀಟ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ಎಂಜಿನ್‌ನಿಂದ ಶುರುವಾಗಿ ಟೈರು, ಸೀಟಿನ ಎತ್ತರ, ತೂಕದಲ್ಲಿ ಮುಗಿಯುತ್ತದೆ. ಮಾರುವವರಿಗೆ ಆ ಕ್ರಮ ಅನುಕೂಲ. ಕೊಳ್ಳುವವರು ಅದನ್ನು ತಿರುವಿ ಹಾಕಿ ಕೆಳಗಿನ ಸಾಲುಗಳಿಂದ ಓದಬೇಕು. ಕೆಳಗಿನ ಸಾಲುಗಳು ನಿಮ್ಮ ಮೈಗೆ, ನಿಮ್ಮ ದಾರಿಗೆ ಸಂಬಂಧಿಸಿದವು. ಅಲ್ಲಿ ಹೊಂದದ ಬೈಕಿನ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಪಾಲಿಗೆ ಅದು ಶೋರೂಮಿನಲ್ಲೇ ಚೆಂದ.

ಅಡ್ವೆಂಚರ್ ಟೂರಿಂಗ್ ಬೈಕ್ ಎಂದರೆ ಹೆದ್ದಾರಿಯಲ್ಲಿ ದೂರ ಓಡಲೂ ಡಾಂಬರು ಮುಗಿದ ಮೇಲೆ ಮುಂದೆ ಹೋಗಲೂ ಆಗುವ ಗಾಡಿ. 1980ರಲ್ಲಿ ಬಂದ ಬಿಎಂಡಬ್ಲ್ಯು ಆರ್ 80 ಜಿ/ಎಸ್ ಈ ಜಾತಿಗೆ ದಾರಿ ಮಾಡಿಕೊಟ್ಟಿತು. ಮರುವರ್ಷವೇ ಅದರ ರೇಸ್ ರೂಪದಲ್ಲಿ ಹ್ಯೂಬರ್ಟ್ ಓರಿಯೋಲ್ ಮರುಭೂಮಿ ದಾಟುವ ಪ್ಯಾರಿಸ್–ಡಕಾರ್ ರ‍್ಯಾಲಿ ಗೆದ್ದರು. ನಮ್ಮ ರ‍್ಯಾಲಿ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಆದರೆ ಡಕಾರ್‌ನಲ್ಲಿ ಈಗ ಓಡುವ ಗಾಡಿಗಳೇ ಬೇರೆ, ಶೋರೂಮಿನಲ್ಲಿ ನಿಮಗೆ ಸಿಗುವುದೇ ಬೇರೆ. ಗೋಡೆಯ ಮೇಲಿನ ಡಕಾರ್ ಚಿತ್ರ ನೋಡಿ ಮುಂಗಡ ಕೊಡಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಗಳೂರು, ಮೊಳಕಾಲ್ಮೂರು ಕಡೆಯ ಹೊಲದ ದಾರಿಗಳಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಸ್ಪ್ಲೆಂಡರ್‌ಗಳು ದಿನವೂ ಓಡಾಡುತ್ತವೆ. ಅಲ್ಲಿಗೆ ಹೋಗಲು ಅಡ್ವೆಂಚರ್ ಬೈಕೇ ಬೇಕೆಂದಿಲ್ಲ. ಅದೇ ದಾರಿಯಲ್ಲಿ ಹೆಚ್ಚು ವೇಗದಲ್ಲಿ, ಹೆಚ್ಚು ಸಾಮಾನಿನೊಂದಿಗೆ, ಸೊಂಟ ಹಿಡಿಯದಂತೆ ಹೋಗಬೇಕು, ಮೊದಲು ಇನ್ನೂರು ಕಿಲೋಮೀಟರ್ ಹೆದ್ದಾರಿಯನ್ನೂ ದಾಟಿರಬೇಕು ಎಂದಾಗ ಈ ಬೈಕಿನ ಕೆಲಸ ಶುರು.

ಹಾಗಾಗಿ ಹೋಲಿಕೆಗೆ ಮನೆಯಲ್ಲಿರುವ ಸ್ಪ್ಲೆಂಡರನ್ನೇ ಇಟ್ಟುಕೊಳ್ಳೋಣ. ಸೀಟಿನ ಎತ್ತರ 785 ಮಿ.ಮೀ., ನೆಲದಿಂದ ಅಂತರ 165 ಮಿ.ಮೀ., ತೂಕ 112 ಕೆ.ಜಿ., ಪವರ್ ಸುಮಾರು 8 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ). ಈ ಅಂಕಿಗಳು ಹೇಗಿರುತ್ತವೆಂದು ನಿಮ್ಮ ಕೈಕಾಲಿಗೆ ಗೊತ್ತು.

ಬೇಕಾಗುವ ಸಾಮಾನು: ಅಳತೆ ಟೇಪು, ಒಂದು ದಪ್ಪ ಪುಸ್ತಕ, ತೂಕದ ಯಂತ್ರ, ನೋಡುತ್ತಿರುವ ಬೈಕುಗಳ ಬ್ರೋಷರ್, ಸವಾರಿಗೆ ಹಾಕುವ ಬೂಟು.

1. ಮೊದಲು ನಿಮ್ಮ ದಾರಿ ಬರೆದಿಡಿ

ಮುಂದಿನ ಒಂದು ವರ್ಷ ನಿಜವಾಗಿ ಎಲ್ಲೆಲ್ಲಿ ಓಡಿಸುತ್ತೀರಿ ಎಂದು ಹಾಳೆಯಲ್ಲಿ ಬರೆಯಿರಿ. ಲಡಾಖ್ ಬರೆಯಬೇಡಿ. ಅಲ್ಲಿಗೆ ಒಂದು ಸಲ ಹೋಗಬಹುದು, ಉಳಿದ ದಿನವೆಲ್ಲ ಇಲ್ಲೇ.

ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಸಿಗುವ ನೆಲ ಹೀಗೆ. ಬೆಂಗಳೂರು–ಪುಣೆಯ 48ನೇ ಹೆದ್ದಾರಿ ಮತ್ತು ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ 50ನೇ ಹೆದ್ದಾರಿ. ಹಂಪ್ಸ್ ತುಂಬಿದ ಹಳ್ಳಿಯ ಡಾಂಬರು ರಸ್ತೆ. ಗರಸು ಹಾಕಿದ ಕೆಂಪು ಮಣ್ಣಿನ ದಾರಿ. ಭದ್ರಾ ಚಾನಲ್ ಏರಿ. ಬೆಟ್ಟದ ಬುಡದ ಕಲ್ಲು ಹಾದಿ. ಕೊನೆಗೆ ಎರೆ ಮಣ್ಣು.

ಎರೆ ಮಣ್ಣಿನ ವಿಷಯ ಬೇರೆಯಾಗಿಯೇ ಹೇಳಬೇಕು. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟ ಗಟ್ಟಿ ನೆಲ, ಹಾಯಾಗಿ ಓಡಿಸಬಹುದು. ಒಂದು ಹದ ಮಳೆ ಬಿದ್ದ ಮೇಲೆ ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಚಕ್ರ ತಿರುಗದಂತೆ ಹಿಡಿದುಬಿಡುತ್ತದೆ. ಟೈರಿಗೂ ಮುಂದಿನ ಮಡ್‌ಗಾರ್ಡಿಗೂ ನಡುವೆ ಜಾಗ ಹೆಚ್ಚಿದ್ದಷ್ಟೂ ಒಳ್ಳೆಯದು. ಕೆಲವು ಬೈಕುಗಳಲ್ಲಿ ಹೆಡ್‌ಲೈಟಿನ ಕೆಳಗೆ ಕೊಕ್ಕಿನಂತೆ ಚಾಚಿರುವ ಎತ್ತರದ ಮಡ್‌ಗಾರ್ಡ್ ಇರುತ್ತದೆ. ಅದರ ಜೊತೆಗೆ ಟೈರಿಗೆ ಅಂಟಿದಂತೆ ಇನ್ನೊಂದು ಕೆಳ ಮಡ್‌ಗಾರ್ಡ್ ಇದ್ದರೆ ಕೊಕ್ಕು ಬರೀ ಅಲಂಕಾರ. ಶೋರೂಮಿನಲ್ಲಿ ನಡುವೆ ಎಷ್ಟು ಬೆರಳು ಹೋಗುತ್ತದೆ ನೋಡಿ. ಆದರೂ ನೆನೆದ ಎರೆಯಲ್ಲಿ ಸುಲಭವಾಗಿ ಓಡುವ ಅಡ್ವೆಂಚರ್ ಬೈಕ್ ಇನ್ನೂ ಹುಟ್ಟಿಲ್ಲ. ಟ್ರಾಕ್ಟರಿನವರೇ ಕಾಯುವ ನೆಲಕ್ಕೆ ನಾವು ನುಗ್ಗುವುದು ಬೇಡ.

ಎಚ್ಚರಿಕೆ: "ಆಫ್-ರೋಡ್" ಎಂದ ಮಾತ್ರಕ್ಕೆ ಖಾಲಿ ಕಂಡ ನೆಲವೆಲ್ಲ ನಮ್ಮದಲ್ಲ. ಜೋಗಿಮಟ್ಟಿ ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ಲಿ ರಸ್ತೆ ಬಿಟ್ಟು ಇಳಿಯುವಂತಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮಕ್ಕೂ ಇದೇ ಮಾತು. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನ (ದನ ಮೇಯುವ ಹುಲ್ಲುಗಾವಲಿನ) ದೊಡ್ಡ ಭಾಗ ಈಗ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದ ಸಂಸ್ಥೆಗಳ ಕೈಯಲ್ಲಿದೆ. ಬೇಲಿ ಕಂಡರೆ ವಾಪಸ್ ತಿರುಗಿ.

2. ಸೀಟಿನ ಎತ್ತರ ಮತ್ತು ನಿಮ್ಮ ಕಾಲಿನ ಅಳತೆ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪುಸ್ತಕವನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಿರಿ. ಇದು ನಿಮ್ಮ ಇನ್‌ಸೀಮ್, ಅಂದರೆ ಕಾಲಿನ ಒಳಅಳತೆ. ಇದಕ್ಕೆ ಬೂಟಿನ ಅಟ್ಟೆಯ ದಪ್ಪ ಸೇರಿಸಿ. ಬೈಕ್ ನೋಡುವಾಗ ನಿಮ್ಮ ಒಟ್ಟು ಎತ್ತರಕ್ಕಿಂತ ಈ ಅಳತೆಗೇ ಹೆಚ್ಚು ಬೆಲೆ. ಐದೂವರೆ ಅಡಿಯ ಇಬ್ಬರು ಅಕ್ಕಪಕ್ಕ ನಿಂತರೂ ಕಾಲಿನ ಉದ್ದದಲ್ಲಿ ಎರಡು ಇಂಚು ವ್ಯತ್ಯಾಸ ಇರಬಹುದು.

ಈಗ ಪಟ್ಟಿ ನೋಡಿ. ಹಿಮಾಲಯನ್ 450ರ ಸೀಟು 825 ಮಿ.ಮೀ., ಅದನ್ನು 845ಕ್ಕೆ ಏರಿಸಬಹುದು. ಎಕ್ಸ್‌ಪಲ್ಸ್ 200 4ವಿ 825, ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 835. 2020ರಲ್ಲಿ ಇಲ್ಲಿಗೆ ಬಂದ 373 ಸಿಸಿಯ ಕೆಟಿಎಂ 390 ಅಡ್ವೆಂಚರ್ 855. ಎಕ್ಸ್‌ಪಲ್ಸ್ 200ರ ಪ್ರೋ ಮಾದರಿಯದು 891! ಸ್ಪ್ಲೆಂಡರ್‌ನಿಂದ ಇಳಿದು ನೇರ ಇದನ್ನು ಹತ್ತಿದವರು ಮೊದಲ ಸಿಗ್ನಲ್‌ನಲ್ಲೇ ಕಾಲಿಗೆ ನೆಲ ಹುಡುಕುತ್ತಾರೆ.

ಆದರೆ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ. ಸೀಟಿನ ಮುಂಭಾಗ ಅಗಲವಿದ್ದರೆ ತೊಡೆ ಹರಡಿಕೊಂಡು ಕಾಲು ಗಿಡ್ಡವಾಗುತ್ತದೆ. ಕಿರಿದಾಗಿದ್ದರೆ ಅದೇ ಎತ್ತರದಲ್ಲೂ ಪಾದ ಚೆನ್ನಾಗಿ ಊರುತ್ತದೆ. ನೀವು ಕೂತಾಗ ಸಸ್ಪೆನ್ಷನ್ ಸ್ವಲ್ಪ ಕುಸಿಯುತ್ತದೆ. ಹಗುರ ಮೈಯವರಿಗೆ ಕಡಿಮೆ, ಭಾರದವರಿಗೆ ಹೆಚ್ಚು. ಎರಡೂ ಪಾದ ಪೂರ್ತಿ ಊರಲೇಬೇಕೆಂದಿಲ್ಲ. ಸೀಟಿನಲ್ಲಿ ಒಂದು ಕಡೆಗೆ ಸರಿದು ಒಂದು ಪಾದವನ್ನು ಪೂರ್ತಿ ಊರಲು ಬಂದರೆ ಸಾಕು. ಅದನ್ನು ಶೋರೂಮಿನ ಟೈಲ್ಸ್ ಮೇಲೆ ಅಲ್ಲ, ಹೊರಗೆ ರಸ್ತೆಯ ಇಳಿಜಾರು ಅಂಚಿನಲ್ಲಿ ನೋಡಿ. ಬೈಕು ಬೀಳುವುದು ಬಹುತೇಕ ನಿಂತಲ್ಲೇ, ತಗ್ಗಿನ ಕಡೆಯ ಕಾಲು ಎಟುಕದೆ.

ಎಚ್ಚರಿಕೆ: "ಲೋವರಿಂಗ್ ಮಾಡಿಕೊಡ್ತೀವಿ ಸರ್" ಎನ್ನುವವರು ಸಿಗುತ್ತಾರೆ. ಹಿಂದಿನ ಸಸ್ಪೆನ್ಷನ್ನಿನ ಜೋಡಣೆ ಬದಲಿಸಿ ಬೈಕನ್ನೇ ಇಳಿಸುವ ಕೆಲಸ ಅದು. ಹಾಗೆ ಮಾಡಿದರೆ ನೆಲದಿಂದ ಅಂತರ ಕಡಿಮೆಯಾಗುತ್ತದೆ, ಸ್ಟಿಯರಿಂಗ್ ಗುಣ ಬದಲಾಗುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಟ್ಟು ಬೈಕ್ ನೆಟ್ಟಗೆ ನಿಂತು ಗಾಳಿಗೇ ಉರುಳಬಹುದು. ಮೊದಲು ಕಂಪನಿಯದೇ ತಗ್ಗು ಸೀಟು ಇದೆಯೇ ಕೇಳಿ. ಹಿಮಾಲಯನ್ 450ಕ್ಕೆ 805 ಮಿ.ಮೀ.ಗೆ ಇಳಿಸುವ ಸೀಟಿದೆ.

3. ತೂಕ: ಗಾಡಿಯದು, ನಿಮ್ಮದು, ಸಾಮಾನಿನದು

ಪಟ್ಟಿಯಲ್ಲಿ ಎರಡು ಬಗೆಯ ತೂಕ ಇರಬಹುದು. ಕರ್ಬ್ ವೇಟ್ ಎಂದರೆ ಪೆಟ್ರೋಲ್, ಆಯಿಲ್ ಎಲ್ಲ ತುಂಬಿ ಓಡಲು ಸಿದ್ಧವಿರುವ ತೂಕ. ಡ್ರೈ ವೇಟ್ ಎಂದರೆ ಅವೆಲ್ಲ ಇಲ್ಲದ ತೂಕ. ಒಂದು ಬೈಕಿನ ಕರ್ಬನ್ನು ಇನ್ನೊಂದರ ಡ್ರೈ ಜೊತೆ ಹೋಲಿಸಿ ಮೋಸ ಹೋಗುವವರು ಬಹಳ. ಹದಿನೇಳು ಲೀಟರ್ ಪೆಟ್ರೋಲೇ ಹನ್ನೆರಡು ಕಿಲೋ ದಾಟುತ್ತದೆ.

ಹಿಮಾಲಯನ್ 450 ಕರ್ಬ್ 196 ಕೆ.ಜಿ., ವಿ-ಸ್ಟ್ರಾಮ್ ಎಸ್‌ಎಕ್ಸ್ 167, ಎಕ್ಸ್‌ಪಲ್ಸ್ 200 4ವಿ 160ರ ಆಸುಪಾಸು. ಹೆದ್ದಾರಿಯಲ್ಲಿ ಭಾರ ವರ. ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದ ಆಸುಪಾಸು ಬೀಸುವ ಅಡ್ಡಗಾಳಿಗೆ ಹಗುರ ಬೈಕು ಪಕ್ಕದ ಲೇನಿಗೆ ಸರಿಯುತ್ತದೆ. ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಹಿಂದೆ ಎತ್ತರದ ಟಾಪ್ ಬಾಕ್ಸ್ ಕಟ್ಟಿದ್ದರೆ ಇನ್ನೂ ಕಷ್ಟ. ಮಣ್ಣಿನ ದಾರಿಯಲ್ಲಿ ಅದೇ ಭಾರ ಶಾಪ. ಗರಸಿನಲ್ಲಿ ಜಾರಿ ಬಿದ್ದ ಬೈಕನ್ನು ಒಬ್ಬರೇ ಎತ್ತಬೇಕು.

ಎತ್ತುವ ಕ್ರಮ ಕಲಿತಿರಿ. ಮೊದಲು ಎಂಜಿನ್ ಆಫ್ ಮಾಡಿ. ಬೈಕು ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಿ, ಎದ್ದ ಗಾಡಿ ಎಡಕ್ಕೆ ಉರುಳುವುದಿಲ್ಲ. ಸಾಧ್ಯವಾದರೆ ಗೇರ್‌ನಲ್ಲಿಡಿ. ಹ್ಯಾಂಡಲ್ ಅನ್ನು ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿನ ಹಿಡಿಕೆ, ಇನ್ನೊಂದರಲ್ಲಿ ಹಿಂದಿನ ಗ್ರಾಬ್ ರೈಲ್ ಹಿಡಿದು ಕಾಲಿನ ಬಲದಿಂದ ಹಿಂದಕ್ಕೆ ನಡೆಯುತ್ತಾ ಏಳಿ. ಸೊಂಟ ಬಗ್ಗಿಸಿ ಎಳೆಯಬೇಡಿ.

ಇನ್ನು ಹೊರುವ ಸಾಮರ್ಥ್ಯ. ಗಾಡಿಯ ಗರಿಷ್ಠ ಒಟ್ಟು ತೂಕ ಮ್ಯಾನುವಲ್‌ನಲ್ಲಿ ಇರುತ್ತದೆ. ಅದರಿಂದ ಕರ್ಬ್ ವೇಟ್ ಕಳೆದರೆ ಉಳಿಯುವುದು ನಿಮ್ಮ ಪಾಲು. ಉದಾಹರಣೆಗೆ ಒಂದು ಬೈಕಿನಲ್ಲಿ 180 ಕೆ.ಜಿ. ಉಳಿಯಿತು ಎಂದಿಟ್ಟುಕೊಳ್ಳಿ. ಬೂಟು, ಜಾಕೆಟ್ ಹಾಕಿದ ನೀವು 80, ಹಿಂದೆ ಕೂರುವವರು 65. ಉಳಿದದ್ದು 35. ಕ್ರ್ಯಾಶ್ ಗಾರ್ಡ್, ಪೆಟ್ಟಿಗೆ ಕೂರಿಸುವ ಕಬ್ಬಿಣದ ಸ್ಟೇ, ಖಾಲಿ ಪೆಟ್ಟಿಗೆಗಳು ಇದರಲ್ಲಿ ಅರ್ಧ ತಿಂದುಬಿಡುತ್ತವೆ. ಬಟ್ಟೆಯ ಸ್ಯಾಡಲ್ ಬ್ಯಾಗ್ ಸಾಕು ಎಂದು ನಾನು ಹೇಳುವುದು ಈ ಲೆಕ್ಕಕ್ಕೆ. ಕಬ್ಬಿಣದ ಪೆಟ್ಟಿಗೆ ಫೋಟೋದಲ್ಲಿ ಗತ್ತಾಗಿ ಕಾಣುತ್ತದೆ ನಿಜ, ಬಿದ್ದಾಗ ಅದರಡಿ ಸಿಕ್ಕ ಕಾಲಿಗೆ ಆ ಗತ್ತು ಬೇಡ.

4. ನೆಲದಿಂದ ಅಂತರ, ಸಸ್ಪೆನ್ಷನ್ ಟ್ರಾವೆಲ್

ಗ್ರೌಂಡ್ ಕ್ಲಿಯರೆನ್ಸ್ ಎಂದರೆ ಬೈಕಿನ ಅತಿ ತಗ್ಗಿನ ಭಾಗಕ್ಕೂ ನೆಲಕ್ಕೂ ಇರುವ ಅಂತರ. ಸಸ್ಪೆನ್ಷನ್ ಟ್ರಾವೆಲ್ ಎಂದರೆ ಚಕ್ರ ಎಷ್ಟು ಮಿ.ಮೀ. ಮೇಲೆ ಕೆಳಗೆ ಆಡಬಲ್ಲದು ಎಂಬುದು. ಜನ ಮೊದಲನೆಯದನ್ನು ಮಾತ್ರ ನೋಡುತ್ತಾರೆ. ನನ್ನನ್ನು ಕೇಳಿದರೆ ಎರಡನೆಯದೇ ಮುಖ್ಯ.

ಯಾಕೆಂದರೆ ಕ್ಲಿಯರೆನ್ಸ್ ಅಳೆಯುವುದು ನಿಂತ ಗಾಡಿಯಲ್ಲಿ. ಇಬ್ಬರು ಕೂತು, ಬ್ಯಾಗ್ ಕಟ್ಟಿ, ಹಂಪ್ಸ್ ಇಳಿದಾಗ ಚಕ್ರ ಒಳಕ್ಕೆ ಹೋಗಿ ಆ ಅಂತರ ಕರಗುತ್ತದೆ. ಟ್ರಾವೆಲ್ ಉದ್ದವಿದ್ದು ಸ್ಪ್ರಿಂಗ್ ನಿಮ್ಮ ತೂಕಕ್ಕೆ ಹೊಂದಿದ್ದರೆ ಅದು ಹೊಡೆತವನ್ನು ನಿಧಾನವಾಗಿ ನುಂಗುತ್ತದೆ. ಹೊಂದದಿದ್ದರೆ ಕೊನೆಗೆ ಹೋಗಿ "ಧಡ್" ಎಂದು ಬಡಿಯುತ್ತದೆ. ಸವಾರರು ಇದನ್ನು ಬಾಟಮಿಂಗ್ ಎನ್ನುತ್ತಾರೆ.

ಹಿಮಾಲಯನ್ 450ರಲ್ಲಿ ಹಿಂದೆ ಮುಂದೆ ಎರಡೂ 200 ಮಿ.ಮೀ. ಟ್ರಾವೆಲ್, ಕ್ಲಿಯರೆನ್ಸ್ 230. ಎಕ್ಸ್‌ಪಲ್ಸ್ 200 4ವಿಯಲ್ಲಿ ಮುಂದೆ 190, ಹಿಂದೆ 170, ಕ್ಲಿಯರೆನ್ಸ್ 220. ಅದರ ಪ್ರೋ ಮಾದರಿಯಲ್ಲಿ 250, 220 ಮತ್ತು 270. ಸೀಟು 891 ಆದದ್ದು ಯಾಕೆಂದು ಈಗ ತಿಳಿಯಿತಲ್ಲ? ಟ್ರಾವೆಲ್ ಬೇಕೆಂದರೆ ಎತ್ತರ ಬರುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಜಾದೂ ಯಾವ ಕಂಪನಿಗೂ ಗೊತ್ತಿಲ್ಲ. ಹಳ್ಳಿ ರಸ್ತೆ, ಗರಸು, ಚಾನಲ್ ಏರಿಗೆ 200ರ ಆಸುಪಾಸು ಧಾರಾಳ. ಬಂಡೆ ಹತ್ತಿಸುವ ಹುಚ್ಚಿದ್ದವರಿಗೆ ಮಾತ್ರ ಅದಕ್ಕಿಂತ ಮೇಲೆ.

ಪಟ್ಟಿಯಲ್ಲಿ ಬರುವ ಇತರ ಪದಗಳು: ಯುಎಸ್‌ಡಿ ಫೋರ್ಕ್ ಎಂದರೆ ದಪ್ಪ ಕೊಳವೆ ಮೇಲಿರುವ, ತಲೆಕೆಳಗಾದ ಮುಂಭಾಗದ ಸಸ್ಪೆನ್ಷನ್, ತಿರುಚುವಿಕೆಗೆ ಕಡಿಮೆ ಬಗ್ಗುತ್ತದೆ. ಪ್ರಿಲೋಡ್ ಎಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಬಿಗಿದಿಟ್ಟಿದೆ ಎಂಬುದು. ಕಂಪ್ರೆಷನ್, ರಿಬೌಂಡ್ ಎಂದರೆ ಸಸ್ಪೆನ್ಷನ್ ಕುಗ್ಗುವ ಮತ್ತು ಮರಳಿ ಹಿಗ್ಗುವ ವೇಗದ ಹಿಡಿತ. ಪ್ರಿಲೋಡ್ ಹೊಂದಿಸುವ ಸೌಲಭ್ಯ ಹಿಂದಿನ ಸಸ್ಪೆನ್ಷನ್‌ಗಾದರೂ ಇರಲೇಬೇಕು. ಹೆಂಡತಿಯನ್ನೋ ತಮ್ಮನನ್ನೋ ಕೂರಿಸಿಕೊಂಡು ಹೋಗುವ ದಿನ ಸಿ-ಸ್ಪ್ಯಾನರ್‌ನಿಂದ ಸ್ಪ್ರಿಂಗಿನ ಉಂಗುರವನ್ನು ಎರಡು ಹೆಜ್ಜೆ ಬಿಗಿದರೆ ಗಾಡಿಯ ಹಿಂಭಾಗ ಕುಸಿಯುವುದಿಲ್ಲ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ. ಶೋರೂಮಿನಿಂದ ಬಂದ ದಿನದಿಂದ ಆ ಉಂಗುರವನ್ನು ಮುಟ್ಟದೆ "ಸಸ್ಪೆನ್ಷನ್ ಸರಿಯಿಲ್ಲ" ಎಂದು ಬೈಯುವವರೇ ಹೆಚ್ಚು.

ಬ್ಯಾಶ್ ಪ್ಲೇಟ್, ಅಂದರೆ ಎಂಜಿನ್ನಿನ ಅಡಿಯ ರಕ್ಷಣಾ ತಟ್ಟೆ, ಲೋಹದ್ದೋ ಪ್ಲಾಸ್ಟಿಕ್‌ದೋ ಎಂದು ಕೈಯಿಂದ ತಟ್ಟಿ ನೋಡಿ. ಬ್ರೋಷರ್ ಇದನ್ನು ನಯವಾಗಿ ಮುಚ್ಚಿಡುತ್ತದೆ.

5. ಚಕ್ರ, ಟೈರು, ಮತ್ತು ಬಳ್ಳಾರಿ ಜಾಲಿ

90/90-21 ಎಂದು ಬರೆದಿದ್ದರೆ ಟೈರಿನ ಅಗಲ 90 ಮಿ.ಮೀ., ಪಕ್ಕದ ಎತ್ತರ ಆ ಅಗಲದ ಶೇ. 90, ರಿಮ್ಮಿನ ವ್ಯಾಸ 21 ಇಂಚು. ಹಿಮಾಲಯನ್ 450ರ ಮುಂದಿನ ಟೈರ್ ಇದೇ, ಹಿಂದೆ 140/80-17.

ಮುಂದೆ 21 ಇಂಚಿನ ಚಕ್ರವಿದ್ದರೆ ಕಲ್ಲು, ಗುಂಡಿ, ಮುರಿದ ಡಾಂಬರಿನ ಅಂಚನ್ನು ಸಲೀಸಾಗಿ ಹತ್ತುತ್ತದೆ. ಹೆದ್ದಾರಿಯ ತಿರುವಿನಲ್ಲಿ ತುಸು ನಿಧಾನ ಅನಿಸುತ್ತದೆ. 19 ಇಂಚು ಇವೆರಡರ ನಡುವಿನ ರಾಜಿ. ವಿ-ಸ್ಟ್ರಾಮ್ ಎಸ್‌ಎಕ್ಸ್‌ನಲ್ಲಿ ಇರುವುದು ಅದೇ. ಮುಂದೆಯೂ 17 ಇಂಚು ಇದ್ದು ಹೆಸರಿನಲ್ಲಿ ಮಾತ್ರ "ಅಡ್ವೆಂಚರ್" ಇದ್ದರೆ ಅದು ಎತ್ತರದ ವೇಷ ಹಾಕಿದ ರಸ್ತೆ ಬೈಕು. ನಿಮ್ಮ ಹಾಳೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಡಾಂಬರೇ ಇದ್ದರೆ 19 ಸಾಕು.

ರಿಮ್ ಎರಡು ಬಗೆ. ಕಡ್ಡಿ (ಸ್ಪೋಕ್) ಚಕ್ರ ಹೊಡೆತಕ್ಕೆ ಬಗ್ಗುತ್ತದೆ, ಒಡೆಯುವುದಿಲ್ಲ. ಬೆಂಡ್ ತೆಗೆಯುವ ಮಿಸ್ತ್ರಿ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ಅಲಾಯ್ ಚಕ್ರ ಜೋರು ಹೊಡೆತಕ್ಕೆ ಸೀಳಬಹುದು, ಸೀಳಿದರೆ ಹೊಸದೇ ಗತಿ. ಇಷ್ಟು ಕೇಳಿದರೆ ಕಡ್ಡಿಯೇ ಒಳ್ಳೆಯದು ಅನಿಸುತ್ತದೆ. ಆದರೆ ಸಾಮಾನ್ಯ ಕಡ್ಡಿ ಚಕ್ರಕ್ಕೆ ಟ್ಯೂಬ್ ಬೇಕು, ಮತ್ತು ನಮ್ಮ ಕಡೆ ರಸ್ತೆ ಬದಿಯಲ್ಲಿ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಕಡಿದು ಹಾಕಿದ ಜಾಲಿಯ ಒಣ ಮುಳ್ಳು ಟೈರಿನೊಳಗೆ ಮುರಿದು ಕೂತು ದಿನಗಳ ಮೇಲೆ ಟ್ಯೂಬನ್ನು ಚುಚ್ಚುವುದೂ ಉಂಟು. ಟ್ಯೂಬ್‌ಲೆಸ್ ಆದರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ರಬ್ಬರ್ ಪ್ಲಗ್ ತುರುಕಿ ಚಕ್ರ ಬಿಚ್ಚದೆ ಮುಂದೆ ಹೋಗಬಹುದು. ಟ್ಯೂಬ್ ಆದರೆ ಚಕ್ರ ಬಿಚ್ಚಿ, ಟೈರ್ ಕಳಚಿ, ಬಿಸಿಲಲ್ಲಿ ಬೆವರಬೇಕು.

ಆದ್ದರಿಂದ ನಮ್ಮ ಎರಡು ಜಿಲ್ಲೆಗೆ ನನ್ನ ಮೊದಲ ಆಯ್ಕೆ ಟ್ಯೂಬ್‌ಲೆಸ್ ಕಡ್ಡಿ ಚಕ್ರ. ಹಿಮಾಲಯನ್ 450 ಮೊದಲು ಟ್ಯೂಬ್ ಟೈರಿನೊಂದಿಗೇ ಬಂತು, ಟ್ಯೂಬ್‌ಲೆಸ್ ಕಡ್ಡಿಯ ಆಯ್ಕೆ ಬಂದದ್ದು 2024ರಲ್ಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಯಾವ ಚಕ್ರ ಎಂದು ಕೇಳಿಯೇ ಬೆಲೆ ಮಾತಾಡಿ. ಅದು ಸಿಗದಿದ್ದರೆ, ಗರಸಿನವರೆಗೆ ಮಾತ್ರ ಹೋಗುವವರಿಗೆ ಅಲಾಯ್, ಕಲ್ಲು ಹಾದಿಗೆ ಇಳಿಯುವವರಿಗೆ ಟ್ಯೂಬ್ ಹಾಕಿದ ಕಡ್ಡಿ.

ಟ್ಯೂಬ್ ಚಕ್ರ ಇದ್ದವರು 21 ಇಂಚಿನ ಟ್ಯೂಬ್ ಒಂದನ್ನು ಜೊತೆಗೇ ಒಯ್ಯಿರಿ. ಹೋಬಳಿಯ ಪಂಚರ್ ಅಂಗಡಿಯಲ್ಲಿ 17, 18 ಇಂಚಿನವು ಸಿಗುತ್ತವೆ, 21 ಸಿಗುವುದು ಅನುಮಾನ.

ಗಾಳಿಯ ಒತ್ತಡದ ಬಗ್ಗೆ: ಗರಸಿನಲ್ಲಿ ಮ್ಯಾನುವಲ್ ಹೇಳಿದ್ದಕ್ಕಿಂತ ಐದಾರು ಪಿಎಸ್‌ಐ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಕಲ್ಲು ಹಾದಿಯಲ್ಲಿ ಅತಿಯಾಗಿ ಇಳಿಸಿದರೆ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಹರಿಯುತ್ತದೆ. ಡಾಂಬರಿಗೆ ಮರಳುವ ಮುನ್ನ ಮತ್ತೆ ತುಂಬಿಸಿ, ಸಣ್ಣ ಪಂಪ್ ಬ್ಯಾಗಿನಲ್ಲಿರಲಿ.

6. ಬ್ರೇಕ್ ಮತ್ತು ಎಬಿಎಸ್

125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಉಳಿದವಕ್ಕೆ 2019ರ ಏಪ್ರಿಲ್‌ನಿಂದ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ ಇದು. ಸಿಂಗಲ್ ಚಾನೆಲ್ ಎಂದರೆ ಮುಂದಿನ ಚಕ್ರಕ್ಕೆ ಮಾತ್ರ, ಡ್ಯುಯಲ್ ಚಾನೆಲ್ ಎಂದರೆ ಎರಡಕ್ಕೂ.

ಗರಸಿನಲ್ಲಿ ಹಿಂದಿನ ಎಬಿಎಸ್ ಬೇಕೆಂದಾಗ ಆಫ್ ಮಾಡುವ ಸೌಲಭ್ಯ ಇರಬೇಕು. ಸಡಿಲ ಇಳಿಜಾರಿನಲ್ಲಿ ಎಬಿಎಸ್ ಬ್ರೇಕ್ ಬಿಡುತ್ತಲೇ ಇದ್ದರೆ ಗಾಡಿ ನಿಲ್ಲದೆ ಜಾರುತ್ತದೆ. ಹಿಂದಿನ ಚಕ್ರ ಲಾಕ್ ಆದರೆ ಮುಂದೆ ಜಲ್ಲಿ ಗುಡ್ಡೆಗಟ್ಟಿ ಬೇಗ ನಿಲ್ಲುತ್ತದೆ. ಮುಂದಿನದನ್ನು ಆಫ್ ಮಾಡುವ ಆಸೆ ಮಾತ್ರ ಬೇಡ. ಹೆಚ್ಚಿನ ಬೈಕುಗಳಲ್ಲಿ ಕೀ ತೆಗೆದು ಹಾಕಿದರೆ ಎಬಿಎಸ್ ಮತ್ತೆ ಆನ್ ಆಗುತ್ತದೆ. ಇಳಿಜಾರಿನ ಮಧ್ಯೆ ಎಂಜಿನ್ ನಿಲ್ಲಿಸಿ ಹೊರಟವರು ಇದನ್ನು ಮರೆತಿರುತ್ತಾರೆ.

ನಮ್ಮಲ್ಲಿ ಎಬಿಎಸ್ ಕೆಲಸಕ್ಕೆ ಬರುವ ಜಾಗ ಇನ್ನೊಂದಿದೆ. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಅರ್ಧಭಾಗದಲ್ಲಿ ಮೆಕ್ಕೆಜೋಳ ಒಣಗಲು ಹಾಕಿರುತ್ತಾರೆ. ಕಾಳು ಟೈರಿನಡಿ ಗೋಲಿಯಂತೆ ಉರುಳುತ್ತದೆ. ಅಲ್ಲಿ ಎಬಿಎಸ್ ಆನ್ ಇರಲಿ, ಬ್ರೇಕನ್ನು ಕಾಳು ಶುರುವಾಗುವ ಮೊದಲೇ ಹಿಡಿದು ಮುಗಿಸಿ. ಹುರುಳಿ, ರಾಗಿ ಒಕ್ಕಣೆಗೆ ಹುಲ್ಲು ಹರಡಿದ್ದರೆ ಅದರ ಮೇಲೆ ಹತ್ತಿಸಬೇಡಿ. ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಬಿಸಿ ಸೈಲೆನ್ಸರಿಗೆ ತಾಗಿದ ಒಣ ಹುಲ್ಲು ಹೊತ್ತಿಕೊಳ್ಳಲೂಬಹುದು.

7. ಈಗ ಎಂಜಿನ್

ಪವರನ್ನು ಒಬ್ಬರು ಪಿಎಸ್, ಇನ್ನೊಬ್ಬರು ಬಿಎಚ್‌ಪಿ, ಮತ್ತೊಬ್ಬರು ಕಿಲೋವ್ಯಾಟ್‌ನಲ್ಲಿ ಬರೆಯುತ್ತಾರೆ. 1 ಪಿಎಸ್ ಎಂದರೆ 0.986 ಬಿಎಚ್‌ಪಿ, ಅಥವಾ 0.7355 ಕಿಲೋವ್ಯಾಟ್. ಟಾರ್ಕ್ ಎಂದರೆ ಎಂಜಿನ್ ತಿರುಗಿಸುವ ಬಲ, ನ್ಯೂಟನ್ ಮೀಟರ್‌ನಲ್ಲಿ. ಅದರ ಪಕ್ಕದಲ್ಲಿರುವ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ) ಅಂಕಿಯೇ ಮುಖ್ಯ, ಅದನ್ನೇ ಜನ ಓದುವುದಿಲ್ಲ.

ಹಳೆಯ 411 ಸಿಸಿ ಹಿಮಾಲಯನ್ 32 ನ್ಯೂ.ಮೀ. ಟಾರ್ಕನ್ನು 4,000–4,500 ಆರ್‌ಪಿಎಂನಲ್ಲೇ ಕೊಡುತ್ತದೆ. 373 ಸಿಸಿಯ ಕೆಟಿಎಂ 37 ನ್ಯೂ.ಮೀ. ಕೊಟ್ಟರೂ ಅದಕ್ಕೆ 7,000 ಮುಟ್ಟಬೇಕು. ಹೊಸ 452 ಸಿಸಿ ಹಿಮಾಲಯನ್ 40 ನ್ಯೂ.ಮೀ.ಗೆ 5,500. ಎಕ್ಸ್‌ಪಲ್ಸ್ 200 4ವಿ 17.35ಕ್ಕೆ 6,500. ಕೆಳ ಆರ್‌ಪಿಎಂನಲ್ಲಿ ಬಲ ಸಿಗುವ ಎಂಜಿನ್ ಕಲ್ಲು ಹಾದಿಯ ಏರಿನಲ್ಲಿ ಕ್ಲಚ್ ಸುಡದೆ ಹತ್ತುತ್ತದೆ. ಮೇಲೆ ಸಿಗುವ ಎಂಜಿನ್ ಹೆದ್ದಾರಿಯಲ್ಲಿ ಲಾರಿ ದಾಟಲು ಚುರುಕು.

ಪವರ್ ಎಷ್ಟು ಬೇಕು? ಒಬ್ಬರೇ, ಹೆಚ್ಚಾಗಿ ಜಿಲ್ಲೆಯೊಳಗೇ ಓಡಾಡುವವರಿಗೆ 19 ಪಿಎಸ್‌ನ 200 ಸಿಸಿ ಸಾಕಷ್ಟಾಯಿತು. ಇಬ್ಬರು, ಸಾಮಾನು, ಎದುರುಗಾಳಿ, 48ನೇ ಹೆದ್ದಾರಿ ಎಂದರೆ ಅದು ಏದುಸಿರು ಬಿಡುತ್ತದೆ. ಅಲ್ಲಿ 26.5 ಪಿಎಸ್‌ನ ವಿ-ಸ್ಟ್ರಾಮ್ ಎಸ್‌ಎಕ್ಸ್ ನಿರಾಳ, 40 ಪಿಎಸ್‌ನ ಹಿಮಾಲಯನ್ 450 ಇನ್ನೂ ನಿರಾಳ. ಅದರ ಮೇಲೆ ಹೋಗಬೇಕಾದ ಅಗತ್ಯ ಈ ಭಾಗದಲ್ಲಿ ನನಗೆ ಕಂಡಿಲ್ಲ. ಆಸೆ ಇದ್ದರೆ ಅದು ಬೇರೆ ವಿಷಯ, ಆಸೆಗೆ ಸ್ಪೆಕ್ ಶೀಟ್ ಬೇಕಿಲ್ಲ.

ತಂಪಾಗಿಸುವ ಬಗೆ: ಗಾಳಿ, ಆಯಿಲ್, ಲಿಕ್ವಿಡ್. ಲಿಕ್ವಿಡ್ ಕೂಲಿಂಗ್ ಹೆದ್ದಾರಿಗೆ ಒಳ್ಳೆಯದು. ಏಪ್ರಿಲ್ ಬಿಸಿಲಿನಲ್ಲಿ ನಿಧಾನ ಹೋಗುವಾಗ ಫ್ಯಾನ್ ಬಿಸಿಗಾಳಿಯನ್ನು ಕಾಲಿಗೆ ಊದುತ್ತದೆ, ಸಹಿಸಿಕೊಳ್ಳಬೇಕು. ರೇಡಿಯೇಟರ್‌ಗೆ ಜಾಲರಿ ಹಾಕಿಸಿ, ಮೆತ್ತಿದ ಕೆಸರನ್ನು ತೊಳೆಯಿರಿ. ಸ್ಲಿಪ್ಪರ್ ಕ್ಲಚ್ ಎಂದರೆ ಗೇರ್ ತಟ್ಟನೆ ಇಳಿಸಿದಾಗ ಹಿಂದಿನ ಚಕ್ರ ಎಗರದಂತೆ ನೋಡಿಕೊಳ್ಳುವ ಕ್ಲಚ್.

ಬೆಲೆಗೆ ಸಂಬಂಧಿಸಿದ್ದು: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18, ಅದಕ್ಕೆ ಮೇಲ್ಪಟ್ಟವಕ್ಕೆ ಶೇ. 40. ಸಿಸಿ ಸಾಲನ್ನು ನಾನು ಗಂಭೀರವಾಗಿ ಓದುವುದು ಈ ಒಂದು ಕಾರಣಕ್ಕೆ.

8. ಟ್ಯಾಂಕ್

ಟ್ಯಾಂಕಿನ ಲೀಟರನ್ನು ನಿಜವಾದ ಮೈಲೇಜಿನಿಂದ ಗುಣಿಸಿ, ಬಂದದ್ದರಲ್ಲಿ ಐದನೇ ಒಂದು ಪಾಲು ಕಳೆಯಿರಿ. 17 ಲೀಟರ್, 28 ಕಿ.ಮೀ. ಎಂದರೆ 476, ಕಳೆದರೆ ಸುಮಾರು 380. 12 ಲೀಟರಿನ ವಿ-ಸ್ಟ್ರಾಮ್ ಕೂಡ ದಾವಣಗೆರೆಯಿಂದ ಬೆಂಗಳೂರಿಗೆ ಒಂದೇ ಟ್ಯಾಂಕಿನಲ್ಲಿ ಮುಟ್ಟುತ್ತದೆ. ನಮ್ಮಲ್ಲಿ ಪೆಟ್ರೋಲ್ ಬಂಕಿಗೆ ಬರವಿಲ್ಲ, ಈ ಸಾಲಿಗೆ ತಲೆ ಕೆಡಿಸಿಕೊಳ್ಳಬೇಡಿ.

9. ಪರದೆ ಮತ್ತು ಎಲೆಕ್ಟ್ರಾನಿಕ್ಸ್

ರೈಡ್-ಬೈ-ವೈರ್ ಎಂದರೆ ಆಕ್ಸಿಲರೇಟರ್‌ಗೆ ಕೇಬಲ್ ಬದಲು ವಿದ್ಯುತ್ ಸಂಕೇತ. ಟ್ರಾಕ್ಷನ್ ಕಂಟ್ರೋಲ್ ಎಂದರೆ ಹಿಂದಿನ ಚಕ್ರ ಸುಮ್ಮನೆ ಗಿರ್ರನೆ ತಿರುಗದಂತೆ ತಡೆಯುವುದು. ಗರಸಿನ ಏರಿನಲ್ಲಿ ಅದನ್ನು ಆಫ್ ಮಾಡಲು ಬರಬೇಕು, ಇಲ್ಲದಿದ್ದರೆ ಬೈಕು ಅರ್ಧದಲ್ಲೇ ಉಸಿರು ಬಿಡುತ್ತದೆ. ಪರದೆಯ ಮ್ಯಾಪ್ ಇದ್ದರೆ ಸರಿ, ಇಲ್ಲದಿದ್ದರೂ ಸರಿ. ಬಿಸಿಲಿನಲ್ಲಿ ಅಂಕಿ ಕಾಣುತ್ತದೆಯೇ ಎಂದು ಮಾತ್ರ ಹೊರಗೆ ನಿಲ್ಲಿಸಿ ನೋಡಿ.

10. ಟೆಸ್ಟ್ ರೈಡ್ ಮತ್ತು ಸರ್ವಿಸ್ ಸೆಂಟರ್

ಮಾರುವವರು ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ. ಒಪ್ಪಬೇಡಿ. ಹಂಪ್ಸ್ ಇರುವ ದಾರಿ ಕೇಳಿ. ಹಿಂದೆ ಕೂರುವವರನ್ನು ಕರೆದೊಯ್ದು ಕೂರಿಸಿ, ಎತ್ತರದ ಸೀಟಿಗೆ ಸೀರೆಯಲ್ಲಿ ಹತ್ತಲು ಆಗುತ್ತದೆಯೇ ಎಂಬುದು ಮನೆಯಲ್ಲಿ ಮುಂದೆ ಏಳುವ ಪ್ರಶ್ನೆ. ಫುಟ್‌ಪೆಗ್ ಮೇಲೆ ಎದ್ದು ನಿಂತು ಓಡಿಸಿ. ಮಣ್ಣಿನ ದಾರಿಯಲ್ಲಿ ಹೀಗೇ ನಿಲ್ಲುವುದು. ಹ್ಯಾಂಡಲ್ ಹಿಡಿಯಲು ಬೆನ್ನು ಬಗ್ಗಬೇಕಾದರೆ ರೈಸರ್ ಎಂಬ ಎತ್ತರಿಸುವ ತುಂಡು ಬೇಕಾಗಬಹುದು. ಖಾಲಿ ಜಾಗದಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಎಂಟರ ಆಕಾರದಲ್ಲಿ ನಿಧಾನವಾಗಿ ತಿರುಗಿಸಿ. ತೂಕ ಎಲ್ಲಿದೆ ಎಂದು ತಿಳಿಯುವುದು ಆಗ.

ಆಮೇಲೆ ಸರ್ವಿಸ್ ಸೆಂಟರಿಗೆ ಹೋಗಿ ಮೂರು ವಸ್ತು ಸ್ಟಾಕ್ ಇದೆಯೇ ಕೇಳಿ: ಕ್ಲಚ್ ಲಿವರ್, ಕ್ಲಚ್ ಪ್ಲೇಟ್, ಮುಂದಿನ ಟೈರ್. "ತರಿಸಿಕೊಡ್ತೀವಿ" ಎಂದರೆ ಎಷ್ಟು ದಿನ ಎಂದು ಕೇಳಿ ಬರೆದುಕೊಳ್ಳಿ. ಬಿದ್ದರೆ ಮೊದಲು ಮುರಿಯುವುದು ಲಿವರ್. ಬೆಂಗಳೂರಿನಿಂದ ಬರಬೇಕಾದ ಲಿವರ್‌ಗಾಗಿ ವಾರವಿಡೀ ಗಾಡಿ ನಿಂತಿದ್ದರೆ 40 ಪಿಎಸ್ ಇದ್ದು ಏನು ಪ್ರಯೋಜನ?

11. ಕೊಂಡ ಮೇಲೆ

ಹ್ಯಾಂಡ್ ಗಾರ್ಡ್, ಲೋಹದ ಬ್ಯಾಶ್ ಪ್ಲೇಟ್, ಕ್ರ್ಯಾಶ್ ಗಾರ್ಡ್ ಈ ಮೂರನ್ನು ಮೊದಲು ಹಾಕಿಸಿ. ಹೆಚ್ಚುವರಿ ಲೈಟು, ಸ್ಟಿಕ್ಕರು ಆಮೇಲೆ.

ಏರ್ ಫಿಲ್ಟರನ್ನು ಸರ್ವಿಸ್ ಪುಸ್ತಕದಲ್ಲಿ ಬರೆದ ಅವಧಿಗೆ ಕಾಯದೆ ಬಿಚ್ಚಿ ನೋಡಿ. ಹೊಳಲ್ಕೆರೆ, ಹೊಸದುರ್ಗದ ಗಣಿ ಲಾರಿಗಳ ಹಿಂದೆ ಓಡಿಸುವವರಿಗೆ ಇದು ಇನ್ನೂ ಅಗತ್ಯ. ಹಳ್ಳ ದಾಟುವ ಮುನ್ನ ಇಳಿದು ನಡೆದು ನೋಡಿ, ಏರ್ ಫಿಲ್ಟರಿನ ಬಾಯಿ ಎಷ್ಟು ಎತ್ತರದಲ್ಲಿದೆ ಎಂದು ಮೊದಲೇ ಗೊತ್ತಿರಲಿ. ನೀರು ಮಂಡಿ ದಾಟಿದ್ದರೆ ಬೇರೆ ದಾರಿ ಹುಡುಕಿ. ಚಾನಲ್ ಏರಿಯ ಮೇಲೆ ಮಳೆಗಾಲದಲ್ಲಿ ಹೋಗಲೇಬೇಡಿ, ಜಾರಿದರೆ ಒಂದು ಕಡೆ ಗದ್ದೆ, ಇನ್ನೊಂದು ಕಡೆ ತುಂಬಿ ಹರಿಯುವ ನೀರು.

ಮೊದಲ ಸಲ ಕಲ್ಲು ಹಾದಿಯಿಂದ ಮರಳಿದ ಮೇಲೆ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರ್‌ನಿಂದ ತಟ್ಟಿ ಕೇಳಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮಂದವಾಗಿ ಕೇಳುತ್ತದೆ. ಹ್ಯಾಂಡಲ್, ಸ್ಟೇ, ಸೈಲೆನ್ಸರ್ ಬೋಲ್ಟ್‌ಗಳನ್ನೂ ಮುಟ್ಟಿ ನೋಡಿ.

ಚೈನ್ ವಿಷಯದಲ್ಲಿ ಮಿಸ್ತ್ರಿಯ ಪಕ್ಕದಲ್ಲೇ ನಿಲ್ಲಿ. ಉದ್ದ ಟ್ರಾವೆಲ್‌ನ ಬೈಕಿನಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಚೈನ್ ತಾನೇ ಬಿಗಿಯಾಗುತ್ತದೆ, ಹಾಗಾಗಿ ನಿಂತಾಗ ಅದು ಸ್ಪ್ಲೆಂಡರ್‌ಗಿಂತ ಸಡಿಲವೇ ಇರಬೇಕು. ಕೈ ಅಭ್ಯಾಸದಿಂದ ಬಿಗಿದುಬಿಟ್ಟರೆ ಚೈನ್, ಸ್ಪ್ರಾಕೆಟ್, ಗೇರ್‌ಬಾಕ್ಸ್ ಬೇರಿಂಗ್ ಮೂರಕ್ಕೂ ಪೆಟ್ಟು. ಎಷ್ಟು ಮಿ.ಮೀ. ಆಡಬೇಕೆಂದು ಮ್ಯಾನುವಲ್‌ನಲ್ಲಿದೆ. ಅಂಕಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಅಳೆದು ತೋರಿಸಿದ ಮೇಲೆ ದುಡ್ಡು ಕೊಡಿ.